ಮುಂಬಯಿಯೊಳಗೊಂದು ಇರಾನು

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದೇಶ ಸುತ್ತಬೇಕಾದರೆ ಪಾಸ್‌ಪೋರ್ಟು, ವೀಸಾ, ಕೈತುಂಬ ಹಣ ಎಲ್ಲ ಬೇಕು ಎಂಬುದು ನಮ್ಮ ಎಣಿಕೆ. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ದಿನವೂ ಲೋಕಲ್ ಗಾಡಿಯಲ್ಲಿ ದಾಟಿ ಹೋಗುವ ಸ್ಟೇಷನ್ನುಗಳ ಮಗ್ಗುಲಲ್ಲೇ ಇರುವ ಪರದೇಶವನ್ನು ನಾವು ಕಣ್ಣೆತ್ತಿ ನೋಡುವುದಿಲ್ಲ. ಕಳೆದ ಮಾರ್ಚ್ ತಿಂಗಳ ಕೊನೆಯ ಭಾನುವಾರ, ಎಂಬತ್ತು ದಾಟಿದ ನನ್ನ ತಂದೆ, ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಮತ್ತು ನಾನು ಅಂಥದೊಂದು ದೇಶಕ್ಕೆ ಹೋಗಿ ಸಂಜೆಯೊಳಗೆ ಮನೆಗೆ ಮರಳಿದೆವು. ಅದು ಮುಂಬಯಿಯೊಳಗಿನ ಇರಾನು.

ಈ ಪ್ರವಾಸಕ್ಕೆ ಕಾರಣ ಮಗಳು ಕೇಳಿದ ಒಂದು ಪ್ರಶ್ನೆ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಸಂಘದ ಕನ್ನಡ ತರಗತಿಗೆ ಹೆಸರು ಕೊಡುತ್ತೇನೆ ಎಂದಾಗ, “ಅಪ್ಪಾ, ಮಾತಾಡಲು ಬರುತ್ತದಲ್ಲ, ಅಷ್ಟು ಸಾಲದೆ? ಅಕ್ಷರ ಕಲಿತು ನಾನು ಯಾರಿಗೆ ಬರೆಯಬೇಕು?” ಎಂದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮೂಲೆಯಲ್ಲಿ ಪೇಪರು ಓದುತ್ತಿದ್ದ ತಂದೆಯವರು ಕನ್ನಡಕ ತೆಗೆದು, “ಇದಕ್ಕೆ ಉತ್ತರ ಧೋಬಿತಲಾವಿನಲ್ಲಿದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ” ಎಂದರು.

ಮರೀನ್ ಲೈನ್ಸ್ ಸ್ಟೇಷನ್ನಿನಲ್ಲಿ ಇಳಿದು, ಮೆಟ್ರೋ ಸಿನೆಮಾದ ಎದುರಿಗಿರುವ ‘ಕಯಾನಿ’ಗೆ ಹೋದೆವು. 1904ರಲ್ಲಿ ಆರಂಭವಾದ ಈ ಇರಾನಿ ಹೋಟೆಲು ಮುಂಬಯಿಯ ಅತಿ ಹಳೆಯ ಇರಾನಿ ಹೋಟೆಲುಗಳಲ್ಲಿ ಒಂದು. ಎತ್ತರದ ಮಾಡು, ಬಾಗಿಸಿದ ಮರದ ಕಪ್ಪು ಕುರ್ಚಿಗಳು, ಗಾಜಿನ ಭರಣಿಗಳಲ್ಲಿ ಬಿಸ್ಕತ್ತುಗಳು. ತಂದೆಯವರು ಪಾನಿ ಕಮ್ ಚಾ ಮತ್ತು ಬ್ರುನ್ ಮಸ್ಕಾ ತರಿಸಿದರು. ಗಟ್ಟಿ ಹೊಟ್ಟಿನ ಆ ಪಾವನ್ನು ಚಹಾದಲ್ಲಿ ಅದ್ದಿ, “ಹೀಗೆ ನೆನೆಸಬೇಕು. ಇಲ್ಲದಿದ್ದರೆ ನನ್ನಂಥವರ ಹಲ್ಲು ಉಳಿಯುವುದಿಲ್ಲ” ಎಂದು ಮೊಮ್ಮಗಳಿಗೆ ಪಾಠ ಆರಂಭಿಸಿದರು.

ಪಾರ್ಸಿಗಳು ಮತ್ತು ಇರಾನಿಗಳು ಒಂದೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಪಾರ್ಸಿಗಳ ಪೂರ್ವಜರು ಸಾವಿರ ವರ್ಷಗಳಿಗೂ ಹಿಂದೆ ಗುಜರಾತಿನ ಕರಾವಳಿಗೆ ಬಂದಿಳಿದವರು. ಇರಾನಿಗಳು ಬಂದದ್ದು ಬಹಳ ತಡವಾಗಿ, ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ. ಯಜ್ದ್ ಮತ್ತು ಕೆರ್ಮಾನ್ ಸೀಮೆಯ ಜರತುಷ್ಟ್ರ ಧರ್ಮೀಯರು ಅಲ್ಲಿ ಜಿಜಿಯಾ ತೆರಿಗೆ ಕೊಟ್ಟು, ನಾನಾ ನಿರ್ಬಂಧಗಳ ಅಡಿಯಲ್ಲಿ ಬಡತನದಲ್ಲಿ ಬದುಕುತ್ತಿದ್ದರು. ಅವರ ಕಷ್ಟ ವಿಚಾರಿಸಲು ಮುಂಬಯಿಯ ಪಾರ್ಸಿಗಳು 1854ರಲ್ಲಿ ಮಾನೆಕ್‌ಜಿ ಲಿಮ್‌ಜಿ ಹಟಾರಿಯಾ ಎಂಬವರನ್ನು ಇರಾನಿಗೆ ಕಳುಹಿಸಿದರು. ಹಟಾರಿಯಾ ಅಲ್ಲೇ ನಿಂತು ಶಾಲೆಗಳನ್ನು ತೆರೆದರು, ಷಾನ ಆಸ್ಥಾನಕ್ಕೆ ಮತ್ತೆ ಮತ್ತೆ ಮನವಿ ಸಲ್ಲಿಸಿದರು. ಕೊನೆಗೆ 1882ರಲ್ಲಿ ಆ ತೆರಿಗೆ ರದ್ದಾಯಿತು. ಇದರ ನಡುವೆ 1870ರ ಆಸುಪಾಸಿನ ಘೋರ ಬರಗಾಲವೂ ಇರಾನನ್ನು ಕಾಡಿತು. ಹೀಗೆ ಊರು ಬಿಟ್ಟು ಮುಂಬಯಿಗೆ ಬಂದವರು ಮೊದಲು ಪಾರ್ಸಿ ಮನೆಗಳಲ್ಲಿ ಚಾಕರಿ ಮಾಡಿ, ಆಮೇಲೆ ಬೇಕರಿ, ಚಹಾದ ಅಂಗಡಿಗಳನ್ನು ಹಾಕಿದರು. ಇರಾನಿನಿಂದ ಬಂದ ಮುಸ್ಲಿಮರೂ ಇದೇ ವ್ಯಾಪಾರಕ್ಕೆ ಇಳಿದರು. ಹಿಂದೂ ವ್ಯಾಪಾರಿಗಳು ಶುಭವಲ್ಲವೆಂದು ಬಿಟ್ಟ ರಸ್ತೆಯ ಮೂಲೆಗಳು ಇವರ ಪಾಲಿಗೆ ಬಂದವು ಎಂದು ಮುಂಬಯಿಗರು ಇಂದಿಗೂ ಹೇಳುವುದುಂಟು.

“ಅಂಥ ಒಂದು ಮೂಲೆಯಲ್ಲಿ ನಾನೂ ಇದ್ದೆ” ಎಂದರು ತಂದೆಯವರು.

ಅವರು ಕಾರ್ಕಳದ ಹತ್ತಿರದ ಹಳ್ಳಿಯಿಂದ ಮುಂಬಯಿಗೆ ಬಂದದ್ದು 1957ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಊರಿನವರೊಬ್ಬರು ಗ್ರಾಂಟ್ ರೋಡಿನ ಒಂದು ಇರಾನಿ ಹೋಟೆಲಿನಲ್ಲಿ ಅವರನ್ನು ಮಾಣಿಯಾಗಿ ಸೇರಿಸಿದರು. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹೋಟೆಲಿನ ಬೆಂಚಿನ ಮೇಲೆಯೇ ಮಲಗುವುದು. ಗಲ್ಲಾದಲ್ಲಿ ಕೂರುವ ಸೇಠರು ಯಜ್ದಿನ ಹತ್ತಿರದ ಹಳ್ಳಿಯವರು, ಜರತುಷ್ಟ್ರ ಧರ್ಮೀಯರು. ಗಿರಾಕಿಗಳೊಡನೆ ಹಿಂದಿ, ಪಾರ್ಸಿಗಳೊಡನೆ ಗುಜರಾತಿ. ಮಧ್ಯಾಹ್ನ ಊಟ ತರುವ ಹೆಂಡತಿಯೊಡನೆ ಮಾತ್ರ ಯಾರಿಗೂ ಅರ್ಥವಾಗದ ಇನ್ನೊಂದು ಭಾಷೆ. ಅದು ದರಿ. ಆಫ್ಘಾನಿಸ್ತಾನದ ದರಿ ಬೇರೆ, ಇದು ಬೇರೆ. ಯಜ್ದ್ ಮತ್ತು ಕೆರ್ಮಾನಿನ ಜರತುಷ್ಟ್ರರು ಮನೆಯೊಳಗೆ ಮಾತ್ರ ಆಡುತ್ತ ಬಂದ ಮಾತು. ಅದಕ್ಕೆ ಬರವಣಿಗೆಯ ರೂಢಿ ಇಲ್ಲ, ಬರೆಯಬೇಕಾದರೆ ಅವರು ಫಾರಸಿಯನ್ನೇ ಬಳಸುತ್ತಾರೆ.

ಒಂದು ದಿನ ಊರಿನಿಂದ ಬಂದ ಕಾಗದವನ್ನು ಯಾರಿಂದಲಾದರೂ ಓದಿಸಿಕೊಳ್ಳಲು ತಂದೆಯವರು ಹೋಟೆಲಿಗೆ ಬಂದವರನ್ನೆಲ್ಲ ಬೇಡುತ್ತಿದ್ದುದನ್ನು ಸೇಠರು ಕಂಡರು. ಮೂರನೆಯ ತರಗತಿಗೆ ಶಾಲೆ ಬಿಟ್ಟಿದ್ದ ಹುಡುಗನಿಗೆ ಕಲಿತ ಅಕ್ಷರವೂ ಮರೆತುಹೋಗಿತ್ತು. “ನಿನ್ನ ಮಾತಿಗೆ ಅಕ್ಷರವಿಲ್ಲವೆ?” ಎಂದು ಸೇಠರು ಕೇಳಿದರಂತೆ. “ಮನೆಯಲ್ಲಿ ತುಳು, ಕಾಗದಕ್ಕೆ ಕನ್ನಡ” ಎಂದರು ತಂದೆ. ಸೇಠರು ನಕ್ಕುಬಿಟ್ಟರು. “ನನ್ನದೂ ಹಾಗೆಯೇ. ಮನೆಯಲ್ಲಿ ದರಿ, ಕಾಗದಕ್ಕೆ ಫಾರಸಿ. ನನ್ನ ಮಕ್ಕಳು ಎರಡನ್ನೂ ಬಿಟ್ಟರು. ದೀಕರಾ, ನೀನು ಬಿಡಬೇಡ” ಎಂದರು.

ಮರುವಾರದಿಂದ ತಂದೆಯವರು ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಗೆ ಹೋಗತೊಡಗಿದರು. ಆ ಕಾಲದಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳೇ ದಾರಿದೀಪವಾಗಿದ್ದವು. ಆದರೆ ಶಾಲೆ ಸಂಜೆ ಆರೂವರೆಗೆ, ಹೋಟೆಲಿಗೆ ಗಿರಾಕಿಗಳು ನುಗ್ಗುವ ಹೊತ್ತಿಗೆ. ಉಳಿದ ಮಾಣಿಗಳು ಗೊಣಗಿದಾಗ ಸೇಠರು ತಾವೇ ಗಲ್ಲಾ ಬಿಟ್ಟೆದ್ದು ಟ್ರೇ ಹಿಡಿದರಂತೆ. ಹೀಗೆ ಐದು ವರ್ಷ! ಸಂಬಳದಲ್ಲಿ ಒಂದಾಣೆಯನ್ನೂ ಮುರಿದುಕೊಳ್ಳಲಿಲ್ಲ.

ಚಹಾ ಮುಗಿಸಿ ಟ್ಯಾಕ್ಸಿಯಲ್ಲಿ ಗ್ರಾಂಟ್ ರೋಡಿಗೆ ಹೋದೆವು. ಆ ಮೂಲೆಯಲ್ಲಿ ಈಗ ಔಷಧದ ಅಂಗಡಿ ಇದೆ. ಸೇಠರ ಮಕ್ಕಳು ಹೋಟೆಲನ್ನು ಮಾರಿದಾಗ ಕೊಂಡವರು ನಮ್ಮ ಜಿಲ್ಲೆಯವರೇ, ಕೆಲವು ವರ್ಷ ಅದು ಊಟದ ಹೋಟೆಲಾಗಿತ್ತು, ಆಮೇಲೆ ಅದೂ ಹೋಯಿತು. ಮುಂಬಯಿಯ ಎಷ್ಟೋ ಇರಾನಿ ಹೋಟೆಲುಗಳು ಹೀಗೆ ನಮ್ಮ ಶೆಟ್ಟರ ಕೈಗೆ ಬಂದಿವೆ. ಒಂದು ಕಾಲಕ್ಕೆ ನೂರಾರು ಇದ್ದ ಇರಾನಿ ಹೋಟೆಲುಗಳು ಈಗ ಬೆರಳೆಣಿಕೆಯಷ್ಟು. ತಂದೆಯವರು ಅಂಗಡಿಯ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ನಿಂತರು. ಮಾತಾಡಲಿಲ್ಲ.

ಇದೇ ಮುಂಬಯಿಯಲ್ಲಿ ಫಾರಸಿ ಭಾಷೆಗೆ ಒಂದು ದೊಡ್ಡ ಕೆಲಸವೂ ನಡೆದಿದೆ. 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ವನ್ನು ತಯಾರಿಸಿದ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲ್ಮ್ ಕಂಪನಿಯೇ 1933ರಲ್ಲಿ ಮೊದಲ ಫಾರಸಿ ಮಾತಿನ ಚಿತ್ರ ‘ದುಖ್ತರೆ ಲೋರ್’ ಅನ್ನು ತಯಾರಿಸಿತು. ಕಥೆ ಬರೆದು ನಾಯಕನಾಗಿ ನಟಿಸಿದವರು ಅಬ್ದುಲ್ ಹುಸೇನ್ ಸೆಪಂತಾ. ನಾಯಕಿ ರೂಹಂಗೀಜ್ ಅವರ ಮಾತಿನಲ್ಲಿ ಕೆರ್ಮಾನ್ ಸೀಮೆಯ ಧಾಟಿ ಎದ್ದು ಕಾಣುತ್ತಿತ್ತು. ಆ ಧಾಟಿಗೆ ಒಪ್ಪುವಂತೆ ಕಥೆಯನ್ನೇ ಹೊಂದಿಸಿಕೊಂಡರು! ಚಿತ್ರ ಇರಾನಿನಲ್ಲಿ ಭರ್ಜರಿಯಾಗಿ ಓಡಿತು. ಇರಾನಿನ ಜನ ತೆರೆಯ ಮೇಲೆ ತಮ್ಮ ಮಾತನ್ನು ಮೊದಲು ಕೇಳಿದ್ದು ನಮ್ಮ ಮುಂಬಯಿಯಿಂದ ಎಂದರೆ ಅತಿಶಯೋಕ್ತಿಯಲ್ಲ.

ಅಲ್ಲಿಂದ ಡೋಂಗ್ರಿಯ ಇಮಾಮವಾಡಾ ರಸ್ತೆಗೆ. ಗಿಜಿಗುಡುವ ಗಲ್ಲಿಗಳ ನಡುವೆ ಇದ್ದಕ್ಕಿದ್ದಂತೆ ನೀಲಿ ಹೆಂಚುಗಳ ಗೋಡೆಯೊಂದು ಎದುರಾಗುತ್ತದೆ. ಇದು ಇರಾನಿ ಮಸೀದಿ, ಜನರ ಬಾಯಲ್ಲಿ ಮೊಗಲ್ ಮಸೀದಿ. 1860ರಲ್ಲಿ ಶಿರಾಜಿನ ವರ್ತಕ ಹಾಜಿ ಮಹಮ್ಮದ್ ಹುಸೇನ್ ಕಟ್ಟಿಸಿದ್ದು. ಗುಂಬಜವಿಲ್ಲ, ಎರಡು ಮಿನಾರುಗಳಿವೆ. ಒಳಗೆ ಒಂದು ಕೊಳ, ಸುತ್ತ ಗಿಡಮರಗಳು. ಬಾಗಿಲಲ್ಲಿದ್ದವರ ಅಪ್ಪಣೆ ಪಡೆದು ಅಂಗಳದಲ್ಲಿ ನಿಂತೆವು. “ಇಂಥ ಹೆಂಚನ್ನು ನಾನು ಬೀದರಿನಲ್ಲಿ ನೋಡಿದ್ದೇನೆ” ಎಂದಳು ಮಗಳು. ಅವಳ ನೆನಪು ಸರಿಯಾಗಿತ್ತು. ಬೀದರಿನ ಆ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. ಬೆಂಗಳೂರಿನ ಅಲಿ ಆಸ್ಕರ್ ರಸ್ತೆಯ ಹೆಸರಿನ ಹಿಂದೆಯೂ ಶಿರಾಜಿನಿಂದ ಕುದುರೆ ಮಾರಲು ಬಂದ ಆಗಾ ಅಲಿ ಆಸ್ಕರ್ ಇದ್ದಾರೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಇರಾನು ನಮಗೆ ಅಷ್ಟೇನೂ ದೂರದ ಊರಲ್ಲ.

ಕೊನೆಯ ನಿಲುಗಡೆ ದಾದರು. ಅಲ್ಲಿ ಸೇಠರ ಮಗಳ ಮನೆ. ಅವರು ತಂದೆಯವರಿಗಿಂತ ಎರಡು ವರ್ಷ ದೊಡ್ಡವರು. ಬಾಗಿಲಲ್ಲೇ ನಮ್ಮ ಮೇಲೆ ಬೆಳ್ಳಿಯ ದಾನಿಯಿಂದ ಗುಲಾಬಿ ನೀರು ಚಿಮುಕಿಸಿ, ಮುಖದ ಎದುರು ಕನ್ನಡಿ ಹಿಡಿದರು. ಅದು ಅವರ ಹೊಸ ವರ್ಷದ ಸ್ವಾಗತ. “ಇದು ನಮ್ಮ ಮದುವೆಯ ಪನ್ನೀರು!” ಎಂದು ಮಗಳು ಪಿಸುಗುಟ್ಟಿದಳು. ಪಾರ್ಸಿಗಳಲ್ಲಿ ಹೆಚ್ಚಿನವರ ಹೊಸ ವರ್ಷ ಆಗಸ್ಟಿನಲ್ಲಿ. ಇರಾನಿಗಳದು ಹಗಲು ರಾತ್ರಿ ಸಮನಾಗುವ ಮಾರ್ಚ್ 21ರ ಹೊತ್ತಿಗೆ. ಹದಿಮೂರು ದಿನಗಳ ಹಬ್ಬ ಇನ್ನೂ ಮುಗಿದಿರಲಿಲ್ಲ. ಮೇಜಿನ ಮೇಲೆ ಫಾರಸಿಯ ‘ಸ’ಕಾರದಿಂದ ಹೆಸರು ಆರಂಭವಾಗುವ ಏಳು ವಸ್ತುಗಳು: ಸೇಬು, ಬೆಳ್ಳುಳ್ಳಿ, ವಿನೆಗರ್, ಮೊಳಕೆ ಬಂದ ಗೋಧಿಯ ಹಸಿರು ಮೊದಲಾದವು.

ಅಜ್ಜಿ ದರಿಯಲ್ಲಿ ಏನೋ ಹೇಳಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಆ ಹುಡುಗಿ ಒಂದು ವರ್ಷದಿಂದ ಅಜ್ಜಿಯ ಮಾತುಗಳನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿದ್ದಾಳೆ. ಒಂದು ನೋಟುಪುಸ್ತಕದಲ್ಲಿ ಬರೆದೂ ಇಡುತ್ತಾಳೆ, ಇಂಗ್ಲಿಷ್ ಅಕ್ಷರಗಳಲ್ಲಿ. ಪುಟಗಳ ತುಂಬ ಹೊಡೆದು ಹಾಕಿದ ಗೆರೆಗಳು. “ಎಷ್ಟು ಬರೆದರೂ ಸರಿಯಾಗುವುದಿಲ್ಲ. ಓದಿದರೆ ಅಜ್ಜಿಯ ಮಾತಿನಂತೆ ಕೇಳುವುದಿಲ್ಲ. ಕೂರಿಸಲು ಇದಕ್ಕೊಂದು ಅಕ್ಷರವೇ ಇಲ್ಲ” ಎಂದಳು. ನನ್ನ ಮಗಳು ಆ ಪುಸ್ತಕವನ್ನು ಬಹಳ ಹೊತ್ತು ತಿರುವಿಹಾಕುತ್ತಿದ್ದಳು.

ಮನೆಗೆ ಮರಳಿದ ಮೇಲೆ ತಂದೆಯವರು ತಮ್ಮ ತಗಡಿನ ಪೆಟ್ಟಿಗೆ ತೆರೆದರು. ಅದರಲ್ಲಿ 1959ರಲ್ಲಿ ಅವರು ಸ್ವಂತ ಕೈಯಿಂದ ತಾಯಿಗೆ ಬರೆದ ಮೊದಲ ಕಾಗದವಿತ್ತು. ನನ್ನ ಅಜ್ಜಿ ಅದನ್ನು ಕೊನೆಯವರೆಗೂ ದೇವರ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ನಮ್ಮ ಮನೆಗೆ ಬಂತು. ‘ಕಾಗದ’ ಎಂಬ ಪದವೇ ನಮಗೆ ಫಾರಸಿಯಿಂದ ಬಂದದ್ದು.

ಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಅಜ್ಜ, ಇದರಲ್ಲಿ ಏನಿದೆ? ಓದಿ ಹೇಳಿ” ಎಂದಳು.

“ನೀನೇ ಓದು” ಎಂದು ತಂದೆಯವರು ಪೆಟ್ಟಿಗೆ ಮುಚ್ಚಿದರು. ಕಾಗದ ಮಾತ್ರ ಅವಳ ಕೈಯಲ್ಲೇ ಉಳಿಯಿತು.

ಯುವ ಮಿತ್ರರೆ, ಈಗ ಪ್ರತಿ ಭಾನುವಾರ ಸಂಜೆ ಆರೂವರೆಗೆ ಅಜ್ಜ ಮತ್ತು ಮೊಮ್ಮಗಳು ನಮ್ಮ ಅಡುಗೆಮನೆಯ ಮೇಜಿನ ಬಳಿ ಕೂರುತ್ತಾರೆ. ಆ ಒಂದು ಗಂಟೆ ಚಹಾ ಮಾಡಿ ಕೊಡುವ ಕೆಲಸ ನನ್ನದು. ಕಾಗುಣಿತ ಮುಗಿದು ಒತ್ತಕ್ಷರ ನಡೆಯುತ್ತಿದೆ. ಕಾಗದದ ಮೊದಲ ಸಾಲನ್ನು ಅವಳು ಕಳೆದ ವಾರ ಓದಿದಳು. ಅದರಲ್ಲಿದ್ದದ್ದು ಇಷ್ಟೆ: ನಾನು ಇಲ್ಲಿ ಕ್ಷೇಮ, ಸೇಠರು ಒಳ್ಳೆಯವರು, ಇದನ್ನು ನಾನೇ ಬರೆದಿದ್ದೇನೆ.