ಮನೆಪಾಠದ ಉಪಾಧ್ಯಾಯರು

ಶಾಲೆಗಳು ಬಾಗಿಲು ತೆರೆದು ಹದಿನೈದು ದಿನಗಳೂ ಆಗಿರಲಿಲ್ಲ. ಗೌರಿಬಿದನೂರಿನಿಂದ ನಮ್ಮ ಹಳೆಯ ಮಿತ್ರರೊಬ್ಬರು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದರು. ಅವರ ಮೊಮ್ಮಗನು ಎಂಟನೆಯ ತರಗತಿಗೆ ಬಂದಿದ್ದಾನೆ; ಹುಡುಗನು ಮಂದನಲ್ಲ, ಆದರೆ ಅಂಕಗಳು ಮಾತ್ರ ವರ್ಷೇ ವರ್ಷೇ ಇಳಿಯುತ್ತಿವೆ. ಮನೆಪಾಠಕ್ಕೆ ಒಬ್ಬರನ್ನು ನೇಮಿಸಬೇಕೆಂದು ಸಂಕಲ್ಪಿಸಿ ಮೂವರನ್ನು ವಿಚಾರಿಸಿಟ್ಟಿದ್ದರು. ಒಬ್ಬರು ದೊಡ್ಡ ಪದವೀಧರರು, ನಲವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಹೇಳತಕ್ಕವರು. ಎರಡನೆಯವರು ನಮ್ಮಂತೆಯೇ ನಿವೃತ್ತರಾದ ಉಪಾಧ್ಯಾಯರು. ಮೂರನೆಯವರು ಪಕ್ಕದ ಬೀದಿಯ ತರುಣಿ, ಬಿ.ಎಡ್. ಮುಗಿಸಿ ಕೆಲಸವನ್ನು ಎದುರುನೋಡುತ್ತಿರುವವರು. "ಮೇಷ್ಟ್ರೇ, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳ ನಡುವೆ ಇದ್ದವರು ನೀವು. ಯಾರನ್ನು ಗೊತ್ತು ಮಾಡಲಿ, ಹೇಳಿ" ಎಂದರು.

ನಾವು ಆ ದಿನ ಉತ್ತರ ಹೇಳಲಿಲ್ಲ. ಎರಡು ದಿನ ಅವಧಿ ಬೇಡಿದೆವು. ಅದಕ್ಕೆ ಕಾರಣವಿತ್ತು. ಮನೆಪಾಠದ ವಿಷಯವನ್ನು ಕೇಳಿದರೆ ನಮಗೆ ಚಿಂತಾಮಣಿಯ ಒಂದು ಮನೆಯ ನೆನಪು ಬರುತ್ತದೆ. ಆ ನೆನಪು ಸುಖದ್ದಲ್ಲ.

೧೯೮೬ನೆಯ ಇಸವಿ. ನಾವು ಸಂಸ್ಕೃತದ ಪರೀಕ್ಷೆಗಳಿಗೆ ಓದುತ್ತಿದ್ದ ಕಾಲ. ಮನೆಯಲ್ಲಿ ಅನುಕೂಲ ಸಾಲದು. ಕಡಲೆಕಾಯಿ ವ್ಯಾಪಾರದ ಗೃಹಸ್ಥರೊಬ್ಬರ ಮಗನಿಗೆ ಎಸ್.ಎಸ್.ಎಲ್.ಸಿ. ಪಾಠ ಹೇಳುವ ಕೆಲಸ ದೊರೆಯಿತು. ತಿಂಗಳಿಗೆ ೬೦ ರೂಪಾಯಿ, ಸಂಜೆ ಒಂದು ಲೋಟ ಕಾಫಿ. ಗಣಿತ ವಿಜ್ಞಾನಗಳಲ್ಲಿ ನಮಗಿದ್ದ ಪಾಂಡಿತ್ಯ ಹೈಸ್ಕೂಲನ್ನು ದಾಟಿದ್ದಲ್ಲ. ಆದರೂ ಎಲ್ಲ ವಿಷಯಗಳನ್ನೂ ಒಪ್ಪಿಕೊಂಡೆವು. ಹುಡುಗನು ವಿನಯಶಾಲಿ; ಹೇಳಿದ್ದನ್ನು ಬರೆಯುತ್ತಿದ್ದನು, ಬರೆದದ್ದನ್ನು ಬಾಯಿಪಾಠ ಮಾಡುತ್ತಿದ್ದನು. ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಇದಕ್ಕಿಂತ ಉತ್ತಮವಾದ ಮಾರ್ಗವುಂಟೆಂದು ಹೊಳೆಯಲೇ ಇಲ್ಲ. ನಾವು ಉತ್ತರಗಳನ್ನು ಅಂದವಾಗಿ ರಚಿಸಿಕೊಟ್ಟೆವು. ಅವನು ಒಂದಕ್ಷರ ಬಿಡದೆ ಒಪ್ಪಿಸಿದನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕಗಳು ಏರಿದವು. ತಂದೆಯವರು ಸಂತೋಷದಿಂದ ನಮಗೊಂದು ಪಂಚೆ ಕೊಡಿಸಿದರು.

ಮರುವರ್ಷದ ಪಬ್ಲಿಕ್ ಪರೀಕ್ಷೆಯಲ್ಲಿ ಹುಡುಗನು ಗಣಿತ ವಿಜ್ಞಾನಗಳೆರಡರಲ್ಲಿಯೂ ತಪ್ಪಿದನು. ನಾವು ಬರೆಸಿದ್ದುದು ಸಸ್ಯಗಳು ಆಹಾರವನ್ನು ತಯಾರಿಸಿಕೊಳ್ಳುವ ಬಗೆ. ಕೇಳಿದ್ದುದು ಅವು ಉಸಿರಾಡುವ ಬಗೆ. 'ಸಸ್ಯ' ಎಂಬ ಮಾತು ಕಣ್ಣಿಗೆ ಬಿದ್ದೊಡನೆಯೇ ನಮ್ಮ ಶಿಷ್ಯನು ಎರಡು ಪುಟ ಬರೆದು ಮುಗಿಸಿದ್ದನು. ಮಿಕ್ಕ ಪ್ರಶ್ನೆಗಳ ಗತಿಯೂ ಹೆಚ್ಚು ಕಡಿಮೆ ಅದೇ. ಫಲಿತಾಂಶ ಬಂದ ಸಂಜೆ ಆ ತಂದೆಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ತಾಂಬೂಲದ ತಟ್ಟೆಯಲ್ಲಿ ತೆಂಗಿನಕಾಯಿಯನ್ನೂ ಕೊನೆಯ ತಿಂಗಳ ೬೦ ರೂಪಾಯಿಯನ್ನೂ ಇಟ್ಟು, "ನಿಮ್ಮ ಶ್ರಮ ನೀವು ಪಟ್ಟಿರಿ ಮೇಷ್ಟ್ರೇ, ಅವನ ಹಣೆಯಲ್ಲಿ ಬರೆದಿರಲಿಲ್ಲ" ಎಂದರು. ಹಣೆಯಲ್ಲಿ ಬರೆಯದಿದ್ದುದಲ್ಲ, ಪುಸ್ತಕದಲ್ಲಿ ನಾವು ಬರೆಸಿದ್ದುದೇ ತಪ್ಪೆಂದು ಹೇಳುವ ಧೈರ್ಯ ನಮಗೆ ಬರಲಿಲ್ಲ. ಹಣವನ್ನು ತೆಗೆದುಕೊಂಡು ಬಂದೆವು. ಹುಡುಗನು ಮತ್ತೆ ಪರೀಕ್ಷೆಗೆ ಕೂರಲಿಲ್ಲ, ಅಂಗಡಿಗೆ ಸೇರಿದನು. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ ನಮಸ್ಕಾರ ಮಾಡಿ, ನಗುತ್ತ, ಸಸ್ಯಗಳ ಆಹಾರದ ಉತ್ತರವನ್ನು ನಿಂತ ನಿಲುವಿನಲ್ಲಿಯೇ ಒಪ್ಪಿಸಿದನು. ನಾವು ಅಂದು ಮಾಡಿದ್ದ ಒಂದು ವ್ಯಾಕರಣದೋಷವೂ ಅದರಲ್ಲಿ ಹಾಗೆಯೇ ಉಳಿದಿತ್ತು.

ಸಂಬಳಕ್ಕೆ ಪಾಠ ಹೇಳುವವರ ಮೇಲೆ ನಮ್ಮ ಪೂರ್ವಿಕರಿಗೆ ಅಷ್ಟೇನೂ ಗೌರವವಿರಲಿಲ್ಲ. ಮನುಸ್ಮೃತಿಯು ಆಚಾರ್ಯನನ್ನು ಬೇರೆ, ಉಪಾಧ್ಯಾಯನನ್ನು ಬೇರೆ ಮಾಡಿ, ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನೋ ಅಂಗಗಳನ್ನೋ ಹೇಳಿಕೊಡುವವನು ಉಪಾಧ್ಯಾಯನೆಂದು ಲಕ್ಷಣ ಹೇಳುತ್ತದೆ. ಅಷ್ಟಕ್ಕೇ ಬಿಡದೆ, ಕೂಲಿ ಪಡೆದು ಓದಿಸುವವನನ್ನೂ ಅವನಲ್ಲಿ ಓದಿದವನನ್ನೂ ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ. ಈ ನಿಯಮವನ್ನು ನಡೆಸಿದರೆ ಸರ್ಕಾರದಿಂದ ಸಂಬಳ ತೆಗೆದುಕೊಂಡ ನಮಗೂ ಎಲೆಯಿಲ್ಲ, ನಮ್ಮಲ್ಲಿ ಓದಿದ ಸಾವಿರಾರು ಮಂದಿಗೂ ಎಲೆಯಿಲ್ಲ. ಪಂಚತಂತ್ರದ ವಿಷ್ಣುಶರ್ಮನಾದರೂ ನೂರು ಗ್ರಾಮಗಳ ಶಾಸನ ಕೊಡುವೆನೆಂದರೂ ವಿದ್ಯೆಯನ್ನು ಮಾರುವವನಲ್ಲವೆಂದು ಹೇಳಿ, ಆರು ತಿಂಗಳ ಗಡುವಿಗೆ ಮೂವರು ರಾಜಪುತ್ರರನ್ನು ಒಪ್ಪಿಕೊಂಡನಂತೆ. ಆದರೆ ನಮಗೆ ಆ ಕಥೆಯಲ್ಲಿ ಮುಖ್ಯವೆಂದು ತೋರುವುದು ಅವನು ಬೇಡವೆಂದ ಗ್ರಾಮಗಳಲ್ಲ. ವ್ಯಾಕರಣ, ಧರ್ಮಶಾಸ್ತ್ರ, ಅರ್ಥಶಾಸ್ತ್ರಗಳ ಕ್ರಮವಾದ ಮಾರ್ಗವು ಈ ಹುಡುಗರಿಗೆ ಹಿಡಿಸದೆಂದು ಕಂಡು, ಕಾಗೆ ಗೂಬೆಗಳ ಕಥೆಗಳಿಂದ ಹೊಸ ದಾರಿಯನ್ನು ಕಡಿದದ್ದು. ಹುಡುಗನನ್ನು ನೋಡಿ ದಾರಿಯನ್ನು ಆರಿಸಿಕೊಳ್ಳುವವನು ಸಂಬಳ ತೆಗೆದುಕೊಂಡರೇನು, ಬಿಟ್ಟರೇನು!

ಸಂಬಳದ ಆವಶ್ಯಕತೆಯೇ ದೋಷವೆನ್ನುವುದಾದರೆ ನಮ್ಮ ಸೀಮೆಯ ಮಹನೀಯರೊಬ್ಬರಿಗೂ ಆ ದೋಷ ತಟ್ಟಬೇಕಾಗುತ್ತದೆ. ಇಲ್ಲಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಕೊಡಗಿನ ಮನೆತನವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವಿದ್ಯಾಭ್ಯಾಸದ ವೆಚ್ಚವನ್ನು ತೂಗಿಸಿಕೊಂಡವರು. ೧೮೮೧ರಲ್ಲಿ ಅವರು ಬಿ.ಎ. ತೇರ್ಗಡೆಯಾದುದು ಹಾಗೆ. ತಂದೆಯನ್ನು ಚಿಕ್ಕಂದಿನಲ್ಲಿಯೇ ಕಳೆದುಕೊಂಡ ಬಡ ಹುಡುಗನಿಗೆ ಆ ಹಣ ಅನ್ನದಷ್ಟೇ ಆವಶ್ಯಕವಾಗಿತ್ತು. ತಾನೂ ಓದುತ್ತಿರುವ ತರುಣನಲ್ಲಿ ಒಂದು ಗುಣವುಂಟು. ತನಗೆ ಯಾವುದು ನೆನ್ನೆಯವರೆಗೆ ತಿಳಿದಿರಲಿಲ್ಲ, ಹೇಗೆ ತಿಳಿಯಿತು ಎಂಬುದು ಅವನಿಗೆ ಇನ್ನೂ ಜ್ಞಾಪಕದಲ್ಲಿರುತ್ತದೆ. ನಮ್ಮಂಥ ಹಳಬರಿಗೆ, ತಿಳಿಯದಿರುವುದೆಂದರೇನೆಂಬುದೇ ಮರೆತುಹೋಗಿರುತ್ತದೆ. ಮಕ್ಕಳ ಮೇಲೆ ನಾವು ರೇಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಈ ನಾಲ್ಕು ಊರುಗಳ ಸುತ್ತಿನಲ್ಲಿ ಪಾಠ ಹೇಳತಕ್ಕವರು ಮೊದಲು ತಿಳಿದುಕೊಳ್ಳಬೇಕಾದುದು ಮಗುವಿನ ಮನೆಯ ಮಾತನ್ನು. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟ ನಮ್ಮ ಈ ಜಿಲ್ಲೆಯ ಬಹುಭಾಗದಲ್ಲಿ ಶಾಲೆಯ ಮಾತು ಕನ್ನಡ, ಅಡುಗೆಮನೆಯ ಮಾತು ತೆಲುಗು. ಶಿಡ್ಲಘಟ್ಟದ ಅನೇಕ ಬೀದಿಗಳಲ್ಲಿ ಉರ್ದು. ಚಿಂತಾಮಣಿಯ ಕಡೆಯ ಮಗುವೊಂದು "ಅಕ್ಕ ಊರಿಗೆ ಹೋಯಿತು" ಎಂದು ಬರೆದರೆ, ಹತ್ತು ಮಂದಿ ಉಪಾಧ್ಯಾಯರಲ್ಲಿ ಒಂಬತ್ತು ಮಂದಿ ಕೆಂಪು ಗೆರೆ ಎಳೆದು, ಲಿಂಗಜ್ಞಾನವಿಲ್ಲವೆಂದು ಬೈಯುತ್ತಾರೆ. ಮಗುವಿಗೆ ಜ್ಞಾನವಿಲ್ಲದೆ ಇಲ್ಲ. ತೆಲುಗಿನಲ್ಲಿ ಏಕವಚನದ ಹೆಂಗಸಿಗೂ ಹಸುವಿಗೂ ಕ್ರಿಯಾಪದದ ರೂಪ ಒಂದೇ. ಆ ವ್ಯಾಕರಣವನ್ನೇ ಅದು ನಿಷ್ಠೆಯಿಂದ ಕನ್ನಡಕ್ಕೂ ಹಚ್ಚಿದೆ. "ನಿಮ್ಮ ಮಾತಿನಲ್ಲಿ ಹಾಗೆ, ಇಲ್ಲಿ ಹೀಗೆ" ಎಂದು ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಒಂದು ವಾರದಲ್ಲಿ ತಿದ್ದಿಕೊಳ್ಳುತ್ತದೆ. ತಪ್ಪನ್ನು ಕಾಣುವುದು ಕಷ್ಟವಲ್ಲ. ತಪ್ಪಿನ ಹಿಂದಿರುವ ಕಾರಣವನ್ನು ಕಾಣುವುದಕ್ಕೆ, ಒಂದು ಮಗುವಿನ ಎದುರಿಗೆ ಒಬ್ಬರೇ ಕುಳಿತಿರುವ ಮನೆಪಾಠಕ್ಕಿಂತ ಉತ್ತಮವಾದ ಸಂದರ್ಭ ಬೇರೊಂದಿಲ್ಲ. ನಲವತ್ತು ಮಕ್ಕಳನ್ನು ಕೂರಿಸಿಕೊಳ್ಳುವವರದು ಮನೆಪಾಠವಲ್ಲ, ಇನ್ನೊಂದು ಶಾಲೆ. ದೂರವಾಣಿಯ ಪರದೆಯ ಪಾಠಕ್ಕೂ ನಾವು ಇದನ್ನೇ ಹೇಳುವೆವು.

ನಿವೃತ್ತರಾದ ಮೇಲೆ ಒಂದು ವರ್ಷ ನಾವು ಶಿಡ್ಲಘಟ್ಟದಲ್ಲಿಯೇ ನಿಂತಿದ್ದೆವು. ರೇಷ್ಮೆಯ ನೂಲು ಬಿಚ್ಚುವ ಕೆಲಸದ ಮನೆಯೊಂದರ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿಹೋದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಸಾರ್, ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ತಪ್ಪಿದರೆ ಸ್ಕೂಲು ಸಾಕು ಅಂತಾರೆ ಇವರಪ್ಪ" ಎಂದಳು. ಸಂಸ್ಕೃತದ ನಾವು ಲೆಕ್ಕವನ್ನು ಹೇಳುವುದೇ? ಚಿಂತಾಮಣಿಯ ತಟ್ಟೆ ಕಣ್ಣಿನ ಮುಂದೆ ಬಂದಿತು. ಸಂಬಳ ಬೇಡ, ಒಂದು ತಿಂಗಳು ನೋಡೋಣ, ಆಗದಿದ್ದರೆ ಆಗದೆಂದು ಹೇಳಿಬಿಡುತ್ತೇವೆ ಎಂದು ಒಪ್ಪಿಕೊಂಡೆವು.

ಮೊದಲನೆಯ ವಾರ ನಾವು ಪಾಠ ಹೇಳಲಿಲ್ಲ, ಕೇಳಿದೆವು. ಹುಡುಗಿಗೆ ಕೂಡುವುದು ಕಳೆಯುವುದು ನಮಗಿಂತ ಚುರುಕಾಗಿ ಬರುತ್ತಿತ್ತು. ಅವಳು ಎಡವುತ್ತಿದ್ದುದು ಲೆಕ್ಕದಲ್ಲಲ್ಲ, ಲೆಕ್ಕದ ಮಾತಿನಲ್ಲಿ. 'ಸಮದ್ವಿಬಾಹು ತ್ರಿಭುಜ' ಎಂಬುದು ಅವಳಿಗೆ ಏಳೆಂಟು ಅಕ್ಷರಗಳ ಒಂದು ಮಂತ್ರ. ಸಮ ಎಂದರೆ ಒಂದೇ ಅಳತೆಯದು, ದ್ವಿ ಎಂದರೆ ಎರಡು, ಬಾಹು ಎಂದರೆ ತೋಳು ಎಂದು ಬಿಡಿಸಿ, ನಮ್ಮ ಎರಡು ತೋಳುಗಳನ್ನೂ ಚಾಚಿ ತೋರಿಸಿದೆವು. ಹುಡುಗಿ ನಕ್ಕಳು, ಮತ್ತೆ ಮರೆಯಲಿಲ್ಲ. ಅಪವರ್ತನ, ಅಪವರ್ತ್ಯಗಳ ಗೊಂದಲವೂ ಹಾಗೆಯೇ. ಭಾಗಿಸುವುದು ಅಪವರ್ತನ, ಭಾಗಿಸಲ್ಪಡುವುದು ಅಪವರ್ತ್ಯ. ಕೊನೆಯ ಆ 'ಯ'ಕಾರವನ್ನು ಹಿಡಿದುಕೊ ಎಂದೆವು. ನಮ್ಮ ಸಂಸ್ಕೃತವು ಗಣಿತಕ್ಕೆ ಇಷ್ಟು ಪ್ರಯೋಜನಕ್ಕೆ ಬಂದೀತೆಂದು ಸೇವೆಯಲ್ಲಿದ್ದಷ್ಟು ಕಾಲವೂ ನಮಗೆ ಹೊಳೆದಿರಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಅನುಪಾತದ ಅಧ್ಯಾಯ ಬಂದಾಗ ಹುಡುಗಿ ಪುಸ್ತಕವನ್ನು ಮುಚ್ಚಿ, ಇದು ತನಗೆ ಬರುವುದೇ ಇಲ್ಲವೆಂದಳು. "ಏಳು ಕಿಲೋ ಗೂಡಿಗೆ ನೂಲು ಎಷ್ಟು ಬರುತ್ತದಮ್ಮ?" ಎಂದು ಕೇಳಿದೆವು. "ಗೂಡು ಚೆನ್ನಾಗಿದ್ದರೆ ಒಂದು ಕಿಲೋ ಸಾರ್." "ನಲವತ್ತೆರಡು ಕಿಲೋ ಹಾಕಿದರೆ?" "ಆರು." "ಗೂಡು ಕೆಟ್ಟದ್ದು, ಎಂಟು ಹಾಕಬೇಕು ಎನ್ನು, ಆಗ?" ಕ್ಷಣಕಾಲ ಮೇಲೆ ನೋಡಿ, "ಐದೂ ಕಾಲು" ಎಂದಳು. ತಾನು ಆಗಲೇ ಅನುಪಾತವನ್ನು ಮಾಡಿ ಮುಗಿಸಿದೆನೆಂದು ಅವಳಿಗೆ ಗೊತ್ತಿರಲಿಲ್ಲ; ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೂಡಿನ ಮಾರುಕಟ್ಟೆಯ ಲೆಕ್ಕ ಒಂದು, ಪುಸ್ತಕದ ಲೆಕ್ಕ ಮತ್ತೊಂದು ಎಂದೇ ಅವಳು ಅದುವರೆಗೆ ನಂಬಿದ್ದಳು.

ಆ ವರ್ಷ ಅವಳು ತೇರ್ಗಡೆಯಾದಳು. ಹತ್ತನೆಯ ತರಗತಿಯ ಗಣಿತ ನಮ್ಮ ಅಳವಿಗೆ ಮೀರಿದ್ದು. ಅದನ್ನು ತಂದೆ ತಾಯಿಗಳಿಗೆ ಸ್ಪಷ್ಟವಾಗಿ ಹೇಳಿ, ಗಣಿತ ಬಲ್ಲವರೊಬ್ಬರಿಗೆ ಒಪ್ಪಿಸಿದೆವು. ೧೯೮೬ರಲ್ಲಿ ಈ ಒಂದು ಮಾತನ್ನು ಆಡಿದ್ದರೆ ಸಾಕಾಗಿತ್ತು.

ವಿದ್ಯೆಯಿದ್ದವರೆಲ್ಲ ಹೇಳಿಕೊಡಬಲ್ಲರೇ ಎಂಬ ಚರ್ಚೆ ಹೊಸದಲ್ಲ. ಕಾಳಿದಾಸನ ಮಾಳವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡಿಕೊಂಡು ರಾಜನ ಬಳಿಗೆ ಬರುತ್ತಾರೆ. ತೀರ್ಪು ಹೇಳಲು ಕುಳಿತ ಪರಿವ್ರಾಜಿಕೆಯು, ಕೆಲವರಲ್ಲಿ ವಿದ್ಯೆ ತಮ್ಮಲ್ಲಿಯೇ ನೆಲೆಗೊಂಡಿರುತ್ತದೆ, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ವಿಶೇಷವಾಗಿರುತ್ತದೆ, ಎರಡೂ ಉಳ್ಳವನೇ ಶಿಕ್ಷಕರಲ್ಲಿ ಶ್ರೇಷ್ಠನು ಎಂಬ ಅಭಿಪ್ರಾಯವನ್ನು ಹೇಳುತ್ತಾಳೆ. ಹೇಳಿ, ಆಚಾರ್ಯರನ್ನು ಕುಣಿಸದೆ ಶಿಷ್ಯೆಯರನ್ನು ಕುಣಿಸುತ್ತಾಳೆ. ನಡುವೆ ವಿದೂಷಕನು, ಇವರಿಗೆ ಸುಮ್ಮನೆ ಸಂಬಳ ಕೊಡುವುದೇಕೆ, ಜಗಳವನ್ನಾದರೂ ನೋಡೋಣ ಎಂದು ಹಾಸ್ಯ ಮಾಡುತ್ತಾನೆ. ಸಂಬಳ ಕೊಡುವ ಗೃಹಸ್ಥರು ವಿದೂಷಕನ ಮಾತನ್ನು ಬಿಟ್ಟು ಪರಿವ್ರಾಜಿಕೆಯ ಉಪಾಯವನ್ನು ಹಿಡಿಯಬೇಕೆಂದು ನಮಗೆ ತೋರಿತು.

ಆದುದರಿಂದ ಮಿತ್ರರಿಗೆ ಹೀಗೆ ಹೇಳಿದೆವು: ಮೂವರನ್ನೂ ಒಂದೊಂದು ಗಂಟೆ ಹುಡುಗನೊಡನೆ ಕೂರಿಸಿ, ಪಕ್ಕದ ಕೋಣೆಯಲ್ಲಿದ್ದು ಕೇಳಿ. ಯಾರು ಹೆಚ್ಚು ಮಾತನಾಡಿದರು, ಯಾರು ಹುಡುಗನನ್ನು ಹೆಚ್ಚು ಮಾತನಾಡಿಸಿದರು ಎಂಬುದನ್ನು ಮಾತ್ರ ಗಮನಿಸಿ. ಗಂಟೆ ಮುಗಿದ ಮೇಲೆ, 'ಇವನಿಗೆ ಏನು ತಿಳಿಯದು?' ಎಂದು ಕೇಳಿ. 'ಏನೂ ತಿಳಿಯದು' ಎನ್ನುವವರಿಗೂ, '೬೨೫ಕ್ಕೆ ೬೦೦ ಬರಿಸಿಕೊಡುತ್ತೇನೆ' ಎನ್ನುವವರಿಗೂ ಕಾಫಿ ಕೊಟ್ಟು ಕಳುಹಿಸಿ. ಹುಡುಗನ ತರಗತಿಯ ಉಪಾಧ್ಯಾಯರನ್ನು ಮಾತ್ರ ಮನೆಗೆ ಕರೆಯಬೇಡಿ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೮ನೆಯ ಪ್ರಕರಣವು ಶಾಲಾ ಶಿಕ್ಷಕರ ಮನೆಪಾಠವನ್ನು ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ, ಹಗಲು ಕೊಡಬೇಕಾದುದನ್ನು ಸಂಜೆಗೆ ಉಳಿಸಿ ಮಾರುವ ಆಸೆಗೆ ಅವರನ್ನು ಗುರಿಮಾಡುವುದು ಗೃಹಸ್ಥರಿಗೆ ತಕ್ಕುದಲ್ಲ.

ಗೌರಿಬಿದನೂರಿನವರಾದ ಮಿತ್ರರಿಗೆ ಅವರ ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರನ್ನೂ ನೆನಪಿಸಿದೆವು. ತಮ್ಮ ಮೆಚ್ಚಿನ ಮುಖ್ಯೋಪಾಧ್ಯಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾರೆಂದು, ಬಸ್ಸಿಗೆ ಹಣವಿಲ್ಲದೆ ಆ ಹುಡುಗ ೧೯೩೫ರಲ್ಲಿ ಕಾಲ್ನಡಿಗೆಯಿಂದಲೇ ಬೆಂಗಳೂರು ಸೇರಿದನು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದುದು ಅವನೇ. ಹುಡುಗನು ತಾನೇ ನಡೆದು ಹೋಗಬೇಕೆನ್ನಿಸುವಂಥವರು ಯಾರೆಂಬುದನ್ನು ಅವನನ್ನೂ ಒಂದು ಮಾತು ಕೇಳಿ ಎಂದೆವು.

ಮಿತ್ರರು ಹಾಗೆಯೇ ಮಾಡಿದರು. ದೊಡ್ಡ ಪದವೀಧರರು ಬಿಡುವಿಲ್ಲವೆಂದು ಬರಲೇ ಇಲ್ಲ. ನಮ್ಮ ನಿವೃತ್ತ ಸಹೋದ್ಯೋಗಿಗಳು ಒಂದು ಗಂಟೆ ನಿರರ್ಗಳವಾಗಿ, ಬಹಳ ಚೆನ್ನಾಗಿ, ತಾವೊಬ್ಬರೇ ಮಾತನಾಡಿದರು. ತರುಣಿ ಹುಡುಗನ ಐದನೆಯ ಆರನೆಯ ತರಗತಿಯ ಹಳೆಯ ಪುಸ್ತಕಗಳಿದ್ದರೆ ಕೊಡಿರೆಂದು ಕೇಳಿದರು. ಅಟ್ಟದಿಂದ ತೆಗೆಸಿ ಕೊಟ್ಟರೆ, ಅರ್ಧ ಗಂಟೆ ಅವುಗಳನ್ನೇ ತಿರುವಿ ಹಾಕಿ, ಭಿನ್ನರಾಶಿಯ ಪಾಠದ ದಿನಗಳಲ್ಲಿ ಮೂರು ವಾರ ಹುಡುಗನು ಶಾಲೆಗೆ ಹೋಗಿಲ್ಲವೆಂಬುದನ್ನು ಕಂಡುಹಿಡಿದರು. ಆಗ ಅವನಿಗೆ ಜ್ವರ ಬಂದು ಮಲಗಿದ್ದುದು ಮನೆಯವರಿಗೇ ಮರೆತುಹೋಗಿತ್ತು.

ಅವರನ್ನೇ ಗೊತ್ತು ಮಾಡಿದ್ದಾಯಿತು. ವಾರಕ್ಕೆ ಐದು ದಿನ ಬರುವರಂತೆ. ದೀಪಾವಳಿಯ ಮೇಲೆ ಮೂರು ದಿನ, ಸಂಕ್ರಾಂತಿಯ ಮೇಲೆ ಒಂದೇ ದಿನ ಸಾಕು, ಆ ಹೊತ್ತಿಗೆ ಅವನೇ ಓದಿಕೊಳ್ಳಬೇಕು ಎಂದು ಮೊದಲೇ ಹೇಳಿದ್ದಾರೆ. ದಿನಗಳು ಕಡಿಮೆಯಾದಂತೆ ಸಂಬಳವೂ ಕಡಿಮೆಯಾಗಬೇಕಲ್ಲವೇ ಎಂದು ಮಿತ್ರರು ನಮಗೆ ಕಾಗದ ಬರೆದು ಕೇಳಿದರು. ಕೂಡದು, ಸಾಧ್ಯವಾದರೆ ಸ್ವಲ್ಪ ಏರಿಸಿ ಎಂದು ಉತ್ತರ ಬರೆದೆವು. ಆಲೋಚಿಸುತ್ತಿದ್ದಾರೆಂದು ತಿಳಿದುಬಂದಿದೆ.