ಅಪ್ಪನ ಜಾವಾ

ಹಳೆಯ ಯಂತ್ರದ ಭಾಗವನ್ನು ಕೊಳ್ಳುವವನು ಕಣ್ಣನ್ನು ನಂಬಬಾರದು, ಬೆರಳನ್ನೂ ಅಳತೆಯನ್ನೂ ನಂಬಬೇಕು ಎಂಬುದು ನನ್ನ ತಂದೆಯವರ ಮಾತು. ಚಿಕ್ಕಂದಿನಿಂದ ಕೇಳಿದ್ದರೂ ಆ ಮಾತಿನ ಬೆಲೆ ನನಗೆ ತಿಳಿದದ್ದು, ನನ್ನ ಮಗನ ಪ್ರಾಣ ಅಪಾಯಕ್ಕೆ ಸಿಕ್ಕಿದ ಒಂದು ಸಂಜೆ.

ತಾಳವಾಡಿಯ ಕಡೆಯ ಕನ್ನಡ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯರಾಗಿದ್ದ ಅಪ್ಪ 1970ರಲ್ಲಿ ಜಾವಾ ಮೋಟಾರ್ ಸೈಕಲ್ ಕೊಂಡರು. ಅದು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇರುವ ಅದರ ಚಮತ್ಕಾರವನ್ನು ನೋಡಲು ಹುಡುಗರು ಶಾಲೆಯ ಮುಂದೆ ಗುಂಪುಗೂಡುತ್ತಿದ್ದರಂತೆ. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಹೊರತಂದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದರೂ ಹೊಸದರ ಎಂಜಿನ್ನೇ ಬೇರೆ. ಅದರ ಭಾಗಗಳು ಹಳೆಯ ಟೂ-ಸ್ಟ್ರೋಕ್ ಗಾಡಿಗೆ ಹೊಂದುವುದಿಲ್ಲ. ಹೀಗಾಗಿ ನಮ್ಮಂತಹವರು ಹಳೆಯ ಸಾಮಾನಿನ ಅಂಗಡಿಗಳನ್ನು ಹುಡುಕಿಕೊಂಡು ಅಲೆಯುವುದು ಅನಿವಾರ್ಯ.

2019ರ ಹೊತ್ತಿಗೆ ನಮ್ಮ ಗಾಡಿಯ ಸಿಲಿಂಡರು ಸವೆದು ಮುಗಿದಿತ್ತು. ಜಾವಾದ ಮೂಲ ಬೋರು 65 ಮಿ.ಮೀ.; ಸವೆದಾಗಲೆಲ್ಲ ಕಾಲು ಕಾಲು ಮಿಲಿಮೀಟರಿನಂತೆ ಅದನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕುವುದು ವಾಡಿಕೆ. ನಮ್ಮದನ್ನು ಇನ್ನು ಕೊರೆಯಲು ಎಡೆಯಿರಲಿಲ್ಲ. ನಗರವೊಂದರ ಅಂಗಡಿಯಲ್ಲಿ ಕಪ್ಪು ಬಣ್ಣ ಬಳಿದು ಹೊಸದರಂತೆ ಹೊಳೆಯುತ್ತಿದ್ದ ಸಿಲಿಂಡರನ್ನೂ, ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ ಪಿಸ್ಟನ್ನನ್ನೂ ಕೊಂಡೆ. ಅಂಗಡಿಯಾತ ಮೇಲಿನಿಂದ ಪಿಸ್ಟನ್ನನ್ನು ಒಳಗಿಳಿಸಿ, "ನೋಡಿ ಸಾರ್, ಹೇಳಿ ಮಾಡಿಸಿದ ಹಾಗಿದೆ" ಎಂದ. ನಾನೂ ನಂಬಿದೆ. ಎಂಬತ್ತು ದಾಟಿ ಕಣ್ಣು ಮಂಜಾಗಿದ್ದ ಅಪ್ಪನಿಗೆ ತೋರಿಸಬೇಕೆಂದು ನನಗೆ ತೋರಲಿಲ್ಲ. ಅವರ ಕಾಲ ಮುಗಿಯಿತೆಂಬ ಅಹಂಕಾರ ನನ್ನೊಳಗೆ ಇದ್ದಿರಬೇಕು. ಒಂದು ಭಾನುವಾರ ನಾನೇ ಜೋಡಿಸಿದೆ. ಪಿಸ್ಟನ್ ಕೆಳಭಾಗದಲ್ಲಿ ತುಸು ಬಿಗಿಯೆನಿಸಿತು. ಓಡಿದರೆ ಸಡಿಲವಾದೀತೆಂದು ಸುಮ್ಮನಾದೆ.

ಆ ಡಿಸೆಂಬರಿನಲ್ಲಿ ಹನ್ನೆರಡು ವರ್ಷದ ಮಗನನ್ನು ಹಿಂದೆ ಕೂರಿಸಿಕೊಂಡು ಸತ್ಯಮಂಗಲದ ಮದುವೆಯೊಂದಕ್ಕೆ ಹೋದೆ. ಹೋಗುವಾಗ ಇಳಿಜಾರು, ಯಾವ ತೊಂದರೆಯೂ ಇರಲಿಲ್ಲ. ಹಿಂದಿರುಗುವಾಗ ದಿಂಬಂ ಘಟ್ಟದ 27 ತಿರುವುಗಳನ್ನು ಏರಬೇಕು. ಅರ್ಧ ಏರಿರಬಹುದು, ಎಂಜಿನ್ನಿನ ದನಿ ಕುಗ್ಗಿತು. ಮರುಕ್ಷಣ ಹಿಂದಿನ ಚಕ್ರ ಕೀಲಿ ಹಾಕಿದಂತೆ ನಿಂತು, ಗಾಡಿ ಅಡ್ಡಕ್ಕೆ ಜಾರಿತು. ಕೈ ತಾನಾಗಿ ಕ್ಲಚ್ಚನ್ನು ಒತ್ತಿದ್ದರಿಂದ ಬೀಳದೆ ಉಳಿದೆವು. ಬೆನ್ನ ಹಿಂದೆಯೇ ಬರುತ್ತಿದ್ದ ಲಾರಿ ಕೆಲವೇ ಮೊಳ ದೂರದಲ್ಲಿ ನಿಂತಿತು. ಮಗ ಮಾತಾಡಲಿಲ್ಲ, ನನ್ನ ಅಂಗಿಯನ್ನು ಹಿಡಿದ ಅವನ ಮುಷ್ಟಿ ಬಹಳ ಹೊತ್ತು ಸಡಿಲವಾಗಲಿಲ್ಲ. ಆನೆಗಳು ದಾರಿಗಿಳಿಯುವ ಹೊತ್ತು. ಆ ಲಾರಿಯವರೇ ಗಾಡಿಯನ್ನು ಮೇಲೆತ್ತಿಕೊಂಡು ನಮ್ಮನ್ನು ಹಾಸನೂರಿನವರೆಗೆ ತಲಪಿಸಿದರು. ಆ ಪುಣ್ಯಾತ್ಮರ ಹೆಸರನ್ನು ಸಹ ನಾನು ಕೇಳಲಿಲ್ಲ.

ಮರುದಿನ ಅಪ್ಪ ಬೈಯಲಿಲ್ಲ. "ಸಿಲಿಂಡರ್ ಬಿಚ್ಚಿ ಕೈಗೆ ಕೊಡು" ಎಂದರು. ಜಗಲಿಯಲ್ಲಿ ಕುಳಿತು ಬೋರಿನೊಳಗೆ ತೋರುಬೆರಳಿಟ್ಟು ಮೇಲಂಚಿನ ಕಡೆಗೆ ಸವರಿದರು. "ಇಲ್ಲಿ ಉಗುರು ತಡೆಯುತ್ತದೆ, ನೋಡಪ್ಪ" ಎಂದರು. ರಿಂಗುಗಳು ಓಡಾಡಿ ಸವೆದ ಜಾಗಕ್ಕೂ ಅವು ಮುಟ್ಟದ ಜಾಗಕ್ಕೂ ನಡುವೆ ಮೆಟ್ಟಿಲಿನಂತಹ ಗೆರೆಯಿತ್ತು. ಬಳಿಕ ತಗಡಿನ ಡಬ್ಬಿಯಿಂದ ತಮ್ಮ ಫೀಲರ್ ಗೇಜನ್ನು ತರಿಸಿದರು. ಒಂದು ರಿಂಗನ್ನು ಬೋರಿನೊಳಗಿಟ್ಟು, ಓರೆಯಾಗದಂತೆ ಪಿಸ್ಟನ್ನಿನಿಂದಲೇ ತಳ್ಳಿಸಿ, ರಿಂಗಿನ ಬಾಯಿಯ ಸಂದನ್ನು ನನ್ನಿಂದ ಅಳೆಸಿದರು. ಮೇಲಿನ ಅಳತೆಗೂ ಕೆಳಗಿನ ಅಳತೆಗೂ 0.45 ಮಿ.ಮೀ. ವ್ಯತ್ಯಾಸ ಬಂತು. "ಸುತ್ತಳತೆ ವ್ಯಾಸದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಮೂರರಿಂದ ಭಾಗಿಸು." 0.15 ಮಿ.ಮೀ.! ಅಷ್ಟರಮಟ್ಟಿಗೆ ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಅಂಗಡಿಯಾತ ಪಿಸ್ಟನ್ ಇಳಿಸಿ ತೋರಿಸಿದ್ದು ಸವೆದ ಭಾಗದಲ್ಲಿ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರು ಬೀಡುಕಬ್ಬಿಣದ್ದು. ಕಾದಾಗ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಘಟ್ಟದ ಏರಿನ ಶಾಖಕ್ಕೆ ಹಿಗ್ಗಿದ ಪಿಸ್ಟನ್ ಕೆಳಗಿನ ಇಕ್ಕಟ್ಟಿನಲ್ಲಿ ಕಚ್ಚಿಕೊಂಡಿತು. ಶಾಲೆಯ ಹುಡುಗನೂ ಮಾಡಬಲ್ಲ ಒಂದು ಭಾಗಾಕಾರವನ್ನು ನಾನು ಮಾಡಿರಲಿಲ್ಲ.

ಮುಂದಿನ ತಿಂಗಳು ಅಪ್ಪನನ್ನು ಕರೆದುಕೊಂಡು ಚಾಮರಾಜನಗರದ ಮೇಲೆ ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಅಲ್ಲಿ ಹಳೆಯ ಮೆಕ್ಯಾನಿಕರೊಬ್ಬರ ಶೆಡ್ಡಿನಲ್ಲಿ ಬೆಲೆಯ ಮಾತಿಗಿಂತ ಮೊದಲು ಅಳತೆಯ ಮಾತು ನಡೆಯಿತು. ಮೊದಲ ಸಿಲಿಂಡರಿನಲ್ಲಿ ಸೈಲೆನ್ಸರ್ ಕೊಳವೆ ಕೂರುವ ಕಡೆಯ ಮರೆ ಸವೆದಿತ್ತು, ಬೇಡವೆಂದರು. ಎರಡನೆಯದರಲ್ಲಿ ಪೋರ್ಟುಗಳ ಅಂಚು ಕತ್ತಿಯಂತೆ ಹರಿತವಾಗಿತ್ತು; ಕೊರೆಸಿದ ಮೇಲೆ ಆ ಅಂಚನ್ನು ಉಜ್ಜಿ ಮೊಂಡಾಗಿಸದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆಂದು ಅದನ್ನೂ ಬಿಟ್ಟರು. ಮೂರನೆಯದು ಒಂದೇ ಸಲ ಕೊರೆಸಿದ್ದು. ಮೇಲೂ ಕೆಳಗೂ ರಿಂಗಿನ ಸಂದು ಬಹುಪಾಲು ಒಂದೇ ಆಗಿತ್ತು. ಅದರದೇ ಪಿಸ್ಟನ್ನಿನ ತಲೆಯ ಮೇಲೆ 65.25 ಎಂಬ ಅಂಕಿ ಮಸಿಯ ಅಡಿಯಲ್ಲಿ ಕಾಣಿಸಿತು. ರಿಂಗು ತಿರುಗಿ ಪೋರ್ಟಿಗೆ ಸಿಕ್ಕದಂತೆ ಹಿಡಿದಿಡುವ ಸಣ್ಣ ಪಿನ್ನುಗಳು ಭದ್ರವಾಗಿದ್ದವು. ಪಿಸ್ಟನ್ನಿನ ಕೆಳಅಂಚಿನಲ್ಲಿ ಬಿರುಕಿರಲಿಲ್ಲ.

ಪಿಸ್ಟನ್ ಒಂದನ್ನೇ ಕೊಡುವಿರಾ ಎಂದು ಬೇರೊಬ್ಬ ಗಿರಾಕಿ ಅವರನ್ನು ಕೇಳಿದ. "ಇವೆರಡೂ ಒಟ್ಟಿಗೆ ಸವೆದಿವೆ ಸ್ವಾಮಿ, ಬೇರೆ ಮಾಡಿ ಮಾರುವುದಿಲ್ಲ" ಎಂದುಬಿಟ್ಟರು. ಹೊಸ ರಿಂಗುಗಳನ್ನು ಸೇರಿಸಿ ಅವರು ಹೇಳಿದ ಬೆಲೆಗೆ ಚೌಕಾಶಿ ಮಾಡದೆ ಕೊಟ್ಟೆವು.

ಮೊದಲ 500 ಕಿಲೋಮೀಟರನ್ನು ಅಪ್ಪನ ಅಪ್ಪಣೆಯಂತೆ ನಿಧಾನವಾಗಿ, ಒಬ್ಬನೇ, ಬಯಲಿನ ರಸ್ತೆಯಲ್ಲಿ ಓಡಿಸಿದೆ. ಅದು ಮುಗಿದ ದಿನ ಜಗಲಿಯ ಮುಂದೆ ಗಾಡಿ ನಿಲ್ಲಿಸಿದಾಗ ಅಪ್ಪ ಕಣ್ಣು ಮುಚ್ಚಿ ಅದರ ದನಿಯನ್ನು ಆಲಿಸಿದರು. "ಈಗ ಮಗುವನ್ನು ಕೂರಿಸಿಕೊಳ್ಳಬಹುದು" ಎಂದು ಹೇಳಿ, ಫೀಲರ್ ಗೇಜಿನ ಡಬ್ಬಿಯನ್ನು ಮೊಮ್ಮಗನ ಕೈಗಿತ್ತರು. ನನಗೆ ಕೊಡಲಿಲ್ಲ. ಅದು ನ್ಯಾಯವೇ ಆಗಿತ್ತು.