ಬೈಕಿಗೂ ಏದುಸಿರು ಬರುವ ಹಾದಿ

ಜೂನ್ ತಿಂಗಳಲ್ಲಿ ಮನಾಲಿಯ ಗ್ಯಾರೇಜುಗಳಿಗೆ ಬೇಗ ಬೆಳಗಾಗುತ್ತದೆ. ಬಿಯಾಸ್ ನದಿಯ ಮೇಲಿನ ಮಂಜು ಇನ್ನೂ ಎದ್ದಿರುವುದಿಲ್ಲ. ಆಗಲೇ ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಮೋಟಾರ್ ಸೈಕಲ್‌ಗಳ ಪಕ್ಕ ಹುಡುಗರು ಕುಕ್ಕರಗಾಲಿನಲ್ಲಿ ಕುಳಿತು ಚೈನಿಗೆ ಎಣ್ಣೆ ಬಿಡುತ್ತಿರುತ್ತಾರೆ. ನಂಬರ್ ಪ್ಲೇಟುಗಳನ್ನು ಓದುತ್ತ ಹೋದರೆ ಅರ್ಧ ಭಾರತವೇ ಅಲ್ಲಿದೆ. ‘ಕೆಎ’ ಎಂದು ಶುರುವಾಗುವವೂ ಕಡಿಮೆಯಿಲ್ಲ. ಎಲ್ಲರೂ ಹೊರಟಿರುವುದು ಒಂದೇ ಊರಿಗೆ, ಲೇಹ್‌ಗೆ.

ದೂರ ಕೇಳಿದರೆ ಅಂಥದ್ದೇನೂ ಅಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಂತೆ, ತುಸು ಹೆಚ್ಚು. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ 46 ಕಿ.ಮೀ. ಉಳಿತಾಯವೂ ಆಗಿದೆ. ಆದರೆ ಹುಬ್ಬಳ್ಳಿಯ ದಾರಿಯಲ್ಲಿ ಬಾರಾಲಾಚಾ, ನಕೀ, ಲಾಚುಲುಂಗ್, ತಾಂಗ್ಲಾಂಗ್ ಎಂಬ ನಾಲ್ಕು ಕಣಿವೆ ದಾರಿಗಳಿಲ್ಲ. ಕೊನೆಯದರ ಎತ್ತರ ಸುಮಾರು 5,300 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಹೊರಿಸಿದರೂ ಇಷ್ಟು ಎತ್ತರವಾಗದು.

ಈ ಹಾದಿ ಡಾಂಬರು, ಜಲ್ಲಿ, ಕೆಸರು, ಮರಳು, ಹರಿಯುವ ನೀರು ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುತ್ತದೆ. ಅದಕ್ಕೆ ತಕ್ಕ ಬೈಕಿಗೆ ‘ಡ್ಯುಯಲ್ ಸ್ಪೋರ್ಟ್’ ಎಂಬ ಹೆಸರಿದೆ. ಟಾರು ರಸ್ತೆಗೂ ಸೈ, ಕಚ್ಚಾ ಹಾದಿಗೂ ಸೈ. ಭಾರತದಲ್ಲಿ 2011ರಲ್ಲಿ ಹೀರೋ ಇಂಪಲ್ಸ್ ಬಂತು. 2016ರಲ್ಲಿ ಈ ಪರ್ವತಗಳ ಹೆಸರನ್ನೇ ಹೊತ್ತ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್. ನೋಡಿದರೆ ಕೊಕ್ಕರೆಯಂತೆ ಕಾಲು ಉದ್ದದ ಬೈಕುಗಳು. ಕೊನೆಯ ಎರಡರಲ್ಲಿ ನೆಲಕ್ಕೂ ಎಂಜಿನ್ನಿನ ಹೊಟ್ಟೆಗೂ 220 ಮಿ.ಮೀ. ಅಂತರ. ಅವುಗಳ ಮುಂದಿನ ಚಕ್ರ 21 ಅಂಗುಲ. ಸಣ್ಣ ಚಕ್ರ ಬೀಳುವ ಗುಂಡಿಯನ್ನು ದೊಡ್ಡ ಚಕ್ರ ದಾಟಿಬಿಡುತ್ತದೆ, ಎತ್ತಿನ ಗಾಡಿ ಮಾಡಿದ ಬಡಗಿಗೆ ಇದು ಯಾವಾಗಲೋ ಗೊತ್ತಿತ್ತು. ಚಕ್ರಕ್ಕೆ ಅಲಾಯ್ ಬದಲು ಕಡ್ಡಿಗಳು. ಬಂಡೆಗೆ ಬಡಿದಾಗ ಅಲಾಯ್ ಬಿರುಕು ಬಿಡಬಹುದು, ಕಡ್ಡಿಯ ಚಕ್ರ ಬಾಗುತ್ತದೆ. ಬಾಗಿದ್ದನ್ನು ಸುತ್ತಿಗೆಯಿಂದ ತಟ್ಟಿ ಸರಿಮಾಡಿಕೊಂಡು ಮುಂದಿನ ಊರು ಸೇರಬಹುದು.

ಹೊರಡುವ ಹಿಂದಿನ ದಿನ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಕೇಳುವಂತಿರುತ್ತದೆ. ಹುಡುಗರಿಗೆ ಹೊಸ ಸೈಲೆನ್ಸರ್ ಬೇಕು, ನಾಲ್ಕು ಹೆಚ್ಚುವರಿ ದೀಪ ಬೇಕು, ಹಿಂದೆ ಕಬ್ಬಿಣದ ಪೆಟ್ಟಿಗೆ ಬೇಕು. ಪಳಗಿದ ಮೆಕ್ಯಾನಿಕ್ ಕೇಳುವುದು ಬೇರೆಯೇ: ಕ್ಲಚ್ ಕೇಬಲ್ ಹಳೆಯದೇ? ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ? ಬಿಡಿ ಟ್ಯೂಬು ಇದೆಯೇ, ಅದನ್ನು ಹಾಕಲು ಬರುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ಜಾಣ ಸವಾರರು ಹೊಸ ಕ್ಲಚ್ ಕೇಬಲನ್ನು ಚೀಲದಲ್ಲಿಡುವುದಿಲ್ಲ, ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿರುತ್ತಾರೆ. ಹಳೆಯದು ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಕೈ ಮರಗಟ್ಟುವ ಚಳಿಯಲ್ಲಿ ಟ್ಯಾಂಕು ಬಿಚ್ಚುವ ಕೆಲಸವಿಲ್ಲ. ಖರ್ಚು ಸೈಲೆನ್ಸರಿನ ಒಂದು ಮೂಲೆಗೂ ಸಾಲದು.

ಬದಲಾವಣೆಯೇ ತಪ್ಪೆಂದಲ್ಲ. ಎಂಜಿನ್ನಿನ ಕೆಳಗೆ ಲೋಹದ ತಟ್ಟೆ, ಹ್ಯಾಂಡಲಿನ ಮುಂದೆ ಕೈಗಾಪು, ಕಾಲಿಡಲು ಹಲ್ಲುಹಲ್ಲಿನ ಅಗಲ ಕಾಲ್ಮೆಟ್ಟು ಇವಕ್ಕೆ ಕಾರಣವಿದೆ. ಬೈಕು ಮಗುಚಿದಾಗ ಕೈಗಾಪು ಇಲ್ಲದಿದ್ದರೆ ಮೊದಲು ಮುರಿಯುವುದು ಕ್ಲಚ್ಚಿನ ಹಿಡಿ. ಗೇರ್ ಬಾಕ್ಸಿನ ಬದಿಯ ಸ್ಪ್ರಾಕೆಟ್ಟಿನಲ್ಲಿ 15 ಹಲ್ಲಿದ್ದರೆ 14ರದನ್ನು ಹಾಕಿಸುವವರಿದ್ದಾರೆ. ಚಕ್ರಕ್ಕೆ ಶೇ 7ರಷ್ಟು ಹೆಚ್ಚು ತಿರುಗುಬಲ ಸಿಗುತ್ತದೆ, ಅಷ್ಟೇ ಪಾಲು ವೇಗ ಕಳೆಯುತ್ತದೆ. ಸನ್ನೆಕೋಲಿನ ಪಾಠ ಓದಿದ ಮಕ್ಕಳಿಗೆ ಈ ವ್ಯಾಪಾರ ಪರಿಚಿತ. ಒಂದು ಕೈಯಲ್ಲಿ ಕೊಡದೆ ಇನ್ನೊಂದು ಕೈಯಲ್ಲಿ ಪಡೆಯುವಂತಿಲ್ಲ. ಆದರೆ ಸದ್ದಿನ ಸೈಲೆನ್ಸರಿನಿಂದ ಏರುಮುಖದಲ್ಲಿ ಕಾಸಿನ ಪ್ರಯೋಜನವೂ ಇಲ್ಲ. ಮೇಲಾಗಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. ಹಣ ಕೊಡುವ ತಂದೆ ತಾಯಿಗೆ ಈ ಕಲಮು ನೆನಪಿದ್ದರೆ ಒಳ್ಳೆಯದು.

ಸುರಂಗ ಒಂಬತ್ತು ಕಿ.ಮೀ. ಉದ್ದ. ಈಚೆ ದೇವದಾರು, ಆಚೆ ಬೋಳು ಬೆಟ್ಟ. ಹಿಂದೆ ರೋಹ್ತಾಂಗ್ ಏರಿ ಇಳಿಯಲು ಅರ್ಧ ದಿನ ಹಿಡಿಯುತ್ತಿತ್ತು, ಈಗ ಕಾಲು ಗಂಟೆ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಪೆಟ್ರೋಲ್ ಬಂಕ್ ಇದೆ. ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಸಾರುತ್ತಿದ್ದ ಅಲ್ಲಿನ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಸವಾರನಿಲ್ಲ. ಫೋಟೋ ತೆಗೆಸಿಕೊಂಡವರಲ್ಲಿ ಲೆಕ್ಕ ಮಾಡಿದವರು ಎಷ್ಟು ಮಂದಿಯೋ. ಊರಿನಲ್ಲಿ ಲೀಟರಿಗೆ 35 ಕಿ.ಮೀ. ಕೊಡುವ ಬೈಕು ಇಲ್ಲಿ ಒಂದು, ಎರಡನೇ ಗೇರಿನಲ್ಲೇ ತೆವಳುವಾಗ 25ಕ್ಕೆ ಇಳಿದೀತು. 365ನ್ನು 35ರಿಂದ ಭಾಗಿಸಿದರೆ ಹತ್ತೂವರೆ ಲೀಟರ್, 25ರಿಂದಾದರೆ ಹದಿನಾಲ್ಕೂವರೆ. 13 ಲೀಟರಿನ ಟ್ಯಾಂಕಿಗೆ ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಎಂದರೆ ಮನೆ ಸೇರುವುದಕ್ಕೂ ಬೆಟ್ಟದಲ್ಲಿ ರಾತ್ರಿ ಕಳೆಯುವುದಕ್ಕೂ ಇರುವ ವ್ಯತ್ಯಾಸ.

ಮೊದಲ ರಾತ್ರಿಯನ್ನು ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಕಳೆಯುವುದು ವಿವೇಕ. ಎರಡೂ 3,000 ಮೀಟರಿನ ಆಸುಪಾಸು. ‘ಇನ್ನೂ ಬೆಳಕಿದೆ, ಸರ್ಚುಗೆ ಹೋಗಿಬಿಡೋಣ’ ಎನ್ನುವವರು ಆ ರಾತ್ರಿ 4,300 ಮೀಟರಿನ ಡೇರೆಯಲ್ಲಿ ತಲೆನೋವು, ವಾಂತಿಗಳಿಂದ ನರಳಿದರೆ ಆಶ್ಚರ್ಯವಿಲ್ಲ. ಎತ್ತರದ ಕಾಯಿಲೆಗೆ ವಯಸ್ಸು, ಮೈಕಟ್ಟುಗಳ ಭೇದವಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವ ಹಂತಕ್ಕೆ ಹೋದರೆ ತಡಮಾಡದೆ ಕೆಳಗಿಳಿಸಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ.

ಮರುದಿನ ಬೇಗ ಹೊರಡಬೇಕು. ದಾರ್ಚಾ ದಾಟಿ ಝಿಂಗ್‌ಝಿಂಗ್‌ಬಾರ್ ಕಡೆ ಏರುವಾಗ ರಸ್ತೆಯ ಮೇಲೆಯೇ ಹಿಮನೀರಿನ ತೊರೆಗಳು ಹರಿಯುತ್ತವೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮುಟ್ಟುತ್ತದೆ. ಕೆಳಗೆ ಉರುಳುವ ಗುಂಡುಕಲ್ಲುಗಳು ಕಾಣುವುದಿಲ್ಲ. ಮೊದಲ ಗೇರಿನಲ್ಲಿ, ಒಂದೇ ಹದದ ವೇಗದಲ್ಲಿ, ಕಣ್ಣನ್ನು ಆಚೆ ದಡದಲ್ಲಿಟ್ಟು ದಾಟಬೇಕು. ನಡುವೆ ಬೈಕು ಮಗುಚಿ ಎಂಜಿನ್ ಗಾಳಿಯ ಬದಲು ನೀರು ಎಳೆದುಕೊಂಡರೆ ಹುಡುಗರು ಮೊದಲು ಮಾಡುವುದು ಸ್ಟಾರ್ಟರ್ ಗುಂಡಿ ಒತ್ತುವುದು. ಮಾಡಬಾರದ ಕೆಲಸ ಅದೊಂದೇ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೇರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಎಂಜಿನ್ನನ್ನು ತಿರುಗಿಸಿ, ನೀರೆಲ್ಲ ಪಿಚಕಾರಿಯಂತೆ ಹಾರಿಹೋದ ಮೇಲೆ ಪ್ಲಗ್ ಒರೆಸಿ ಹಾಕಬೇಕು. ಹತ್ತು ನಿಮಿಷದ ಕೆಲಸ. ಅದಕ್ಕೆ ಬೇಕಾದ ಪ್ಲಗ್ ಸ್ಪ್ಯಾನರು ಚೀಲದ ತಳದಲ್ಲಿ ಬಟ್ಟೆಗಳ ಕೆಳಗಿರಬಾರದು, ಅಷ್ಟೆ.

ಬಾರಾಲಾಚಾ ದಾಟಿದರೆ ಸರ್ಚು ಬಯಲು, ಹಿಮಾಚಲದ ಗಡಿ. ಅಲ್ಲಿಂದ ಮುಂದೆ ಲಡಾಖ್. ಗಾಟಾ ಲೂಪ್ಸ್ ಎಂಬ 21 ತಿರುವುಗಳು ಒಂದರ ಮೇಲೊಂದು ಮಡಿಸಿಟ್ಟ ಹಗ್ಗದಂತೆ ಮೇಲೇರುತ್ತವೆ. ಹಳೆಯ ಬೈಕುಗಳು ಕೆಮ್ಮಲು ಶುರುಮಾಡುವುದು ಇಂಥ ಕಡೆ. ಥ್ರಾಟಲ್ ಪೂರ್ತಿ ತಿರುಗಿಸಿದರೂ ಬೈಕು ಮುಂದೆ ಹೋಗದು, ಹಿಂದಿನಿಂದ ಕಪ್ಪು ಹೊಗೆ. ಏನಾಗಿದೆ?

ಸಮುದ್ರ ಮಟ್ಟದಲ್ಲಿ ವಾಯುಭಾರ ಮಾಪಕದ ಪಾದರಸ 760 ಮಿ.ಮೀ. ನಿಲ್ಲುತ್ತದೆ. ಬೆಂಗಳೂರಿನಲ್ಲಿ 680ರ ಆಸುಪಾಸು. ತಾಂಗ್ಲಾಂಗ್ ಲಾದಲ್ಲಿ ಅದು ಸುಮಾರು 400. ಅಲ್ಲಿ ನೀರು 83 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕರ್ ಇಲ್ಲದೆ ಬೇಳೆ ಬೇಯದು. ಎಂಜಿನ್ ಪ್ರತಿ ಸಲವೂ ಅಷ್ಟೇ ಗಾತ್ರದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆದರೆ ಆ ಗಾತ್ರದೊಳಗೆ ಆಮ್ಲಜನಕ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಒಂದು ಗ್ರಾಂ ಪೆಟ್ರೋಲ್ ಪೂರ್ಣ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬುರೇಟರ್ ಪಾಪ, ಹಳೆಯ ಕಾಲದ ಅಡುಗೆಯವನಂತೆ. ತನ್ನ ಕಂಠದಲ್ಲಿ ಗಾಳಿ ಎಷ್ಟು ರಭಸದಿಂದ ಹರಿಯಿತೆಂದು ನೋಡಿ ಪೆಟ್ರೋಲ್ ಬಡಿಸುತ್ತದೆಯೇ ಹೊರತು ಆ ಗಾಳಿಯ ತೂಕವನ್ನು ಅದು ಅಳೆಯಲಾರದು. ಹೀಗಾಗಿ ಎತ್ತರದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, ಗಾಳಿ ಸಾಲದು, ಅರೆಬೆಂದ ಇಂಗಾಲ ಪ್ಲಗ್ಗಿನ ಮೇಲೆ ಮಸಿಯಾಗಿ ಕೂರುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಗಳನ್ನು ಮನೆಯ ಹಿರಿಯರಂತೆ ಜೋಪಾನ ಮಾಡಿ ಈ ಹಾದಿಗೆ ತರುವವರಿಗೆ ಮಸಿಯ ಕಷ್ಟ ಇನ್ನೂ ಚೆನ್ನಾಗಿ ಗೊತ್ತು. ಅದು ಟೂ-ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಓಡಿಸಬೇಕು, ಪ್ಲಗ್ ಬೇಗ ಕಟ್ಟುತ್ತದೆ. ಅಂಥವರ ಜೇಬಿನಲ್ಲಿ ಎರಡು ಮೂರು ಪ್ಲಗ್ಗುಗಳೂ ಒಂದು ತುಂಡು ಉಪ್ಪುಕಾಗದವೂ ಇದ್ದೇ ಇರುತ್ತವೆ. ಮದ್ದೂ ಇದೆ. ಕಾರ್ಬುರೇಟರಿನ ಜೆಟ್ಟನ್ನು ಒಂದೆರಡು ನಂಬರು ಚಿಕ್ಕದು ಹಾಕಬಹುದು. ಇಲ್ಲವೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಸಿಕ್ಕಿಸಿದರೆ ಸೂಜಿ ಕೆಳಗಿಳಿದು ಪೆಟ್ರೋಲಿನ ದಾರಿ ಕಿರಿದಾಗುತ್ತದೆ. ಆದರೆ ಕೆಳಗಿಳಿದ ಮೇಲೆ ಮೊದಲಿನಂತೆ ಮಾಡಲು ಮರೆಯಬಾರದು. ದಟ್ಟ ಗಾಳಿಗೆ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು.

ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಇಲ್ಲ. ಗಾಳಿಯ ಒತ್ತಡವನ್ನು ಸಂವೇದಕ ಅಳೆಯುತ್ತದೆ, ಪುಟ್ಟ ಕಂಪ್ಯೂಟರ್ ಪೆಟ್ರೋಲಿನ ಅಳತೆಯನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಹೊಗೆಯಿಲ್ಲ, ಕೆಮ್ಮಿಲ್ಲ. ಹಾಗೆಂದು ಕಳೆದುಹೋದ ಶಕ್ತಿ ಮರಳಿ ಬರುವುದಿಲ್ಲ. 24 ಅಶ್ವಶಕ್ತಿಯ ಎಂಜಿನ್ ಮೇಲೆ ಹೋದಾಗ 14ರ ಸುತ್ತ ಬಂದು ನಿಲ್ಲುತ್ತದೆ. ಸವಾರ ಮತ್ತು ಸಾಮಾನು ಮಾತ್ರ ಅಷ್ಟೇ ಭಾರ. ಹಿಂದಿನ ಪೆಟ್ಟಿಗೆಯಲ್ಲಿ ತುಂಬಿದ ಇಪ್ಪತ್ತು ಕಿಲೋದ ನಿಜವಾದ ತೂಕ ತಿಳಿಯುವುದು ಇಲ್ಲಿ. ಎತ್ತರದಲ್ಲಿ ಕಟ್ಟಿದ ಭಾರ ಗುರುತ್ವಕೇಂದ್ರವನ್ನು ಮೇಲಕ್ಕೆ ಒಯ್ಯುತ್ತದೆ. ಬೈಕು ಮಗುಚಲು ನೆಪ ಹುಡುಕುತ್ತಿರುತ್ತದೆ. ಹಳೆಯ ಹಿಮಾಲಯನ್ ಒಂದೇ ಸುಮಾರು 190 ಕಿಲೋ. ಅದನ್ನು ಎತ್ತಿ ನಿಲ್ಲಿಸುವಾಗ ಎದೆ ತಿದಿಯಂತೆ ಬಡಿದುಕೊಳ್ಳುತ್ತದೆ. ಬಿದ್ದ ಬೈಕಿಗೆ ಬೆನ್ನು ಕೊಟ್ಟು, ಹ್ಯಾಂಡಲ್ ಮತ್ತು ಹಿಂಬದಿಯ ಕಂಬಿ ಹಿಡಿದು, ತೊಡೆಯ ಬಲದಿಂದ ಹಿಂದಕ್ಕೆ ನಡೆಯುತ್ತ ಎತ್ತುವ ವಿದ್ಯೆಯನ್ನು ಊರಿನ ಮೈದಾನದಲ್ಲೇ ಕಲಿತಿದ್ದರೆ ಸೊಂಟ ಉಳಿಯುತ್ತದೆ.

ಢಾಬಾಗಳಲ್ಲಿ ಒಂದು ಪುಕ್ಕಟೆ ಸಲಹೆ ಸಿಗುತ್ತದೆ: ಏರ್ ಫಿಲ್ಟರ್ ತೆಗೆದು ಬಿಸಾಕಿ, ಬೈಕು ಹಗುರಾಗಿ ಓಡುತ್ತದೆ. ಬಾವಿಯಲ್ಲೇ ನೀರಿಲ್ಲದಾಗ ಬಿಂದಿಗೆಯ ಬಾಯಿ ಅಗಲ ಮಾಡಿದರೆ ಏನು ಬಂತು? ಪಾಂಗ್ ದಾಟಿದ ಕೂಡಲೇ ಈ ಸಲಹೆಯ ಬೆಲೆ ತಿಳಿಯುತ್ತದೆ. ಅಲ್ಲಿ ಶುರುವಾಗುವ ಮೋರೆ ಬಯಲು 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿ.ಮೀ. ಹರಡಿದ ಸಮತಟ್ಟು. ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳು ಮೇಯುತ್ತಿರುತ್ತವೆ. ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದರೆ ಹಿಟ್ಟಿನಂಥ ಧೂಳು. ಫಿಲ್ಟರ್ ಇಲ್ಲದ ಎಂಜಿನ್ನಿನೊಳಗೆ ಆ ಧೂಳು ಆಯಿಲ್ ಜತೆ ಸೇರಿ ಉಪ್ಪುಕಾಗದದಂತೆ ಸಿಲಿಂಡರನ್ನು ಉಜ್ಜುತ್ತದೆ. ಆ ಗಾಯ ಕೂಡಲೇ ಕಾಣದು, ಮನೆಗೆ ಬಂದು ತಿಂಗಳಾದ ಮೇಲೆ ನೀಲಿ ಹೊಗೆಯಾಗಿ ಕಾಣುತ್ತದೆ.

ಇಲ್ಲಿಯೇ ಮಕ್ಕಳು ನೋಡಬೇಕಾದ ಇನ್ನೊಂದು ತಮಾಷೆಯಿದೆ. ಮನಾಲಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿರುತ್ತದೆ. ಟಯರಿಗೂ ಇದೇ ಕಥೆ. ಮನಾಲಿಯಲ್ಲಿ 25 ಪೌಂಡ್ ಹಿಡಿದ ಟಯರು ತಾಂಗ್ಲಾಂಗ್ ಲಾದಲ್ಲಿ, ಉಷ್ಣತೆ ಅಷ್ಟೇ ಇದ್ದರೆ, ಮಾಪಕದಲ್ಲಿ 28, 29 ತೋರಿಸುತ್ತದೆ. ಒಳಗಿನ ಗಾಳಿ ಹೆಚ್ಚಲಿಲ್ಲ, ಹೊರಗಿನ ಒತ್ತಡ ಕಡಿಮೆಯಾಯಿತು. ಚಳಿ ಅದರಲ್ಲಿ ಒಂದೆರಡು ಪೌಂಡ್ ವಾಪಸು ಪಡೆಯುತ್ತದೆ. ಮರಳಿನಲ್ಲಿ ಹಿಡಿತ ಬೇಕೆಂದು ಗಾಳಿ ಇಳಿಸುವವರು ಟಯರಿನ ತಳ ಅಗಲವಾಗುವಷ್ಟಕ್ಕೆ ನಿಲ್ಲಿಸಬೇಕು. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ತಾಂಗ್ಲಾಂಗ್ ಲಾದಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತವೆ. ನಾಲ್ಕು ಹೆಜ್ಜೆಗೆ ಮನುಷ್ಯನಿಗೂ ಏದುಸಿರು. ಅಲ್ಲಿಂದ ಇಳಿಜಾರು. ಎಂಜಿನ್ನಿನ ತಡೆಯಲ್ಲೇ, ಕೆಳ ಗೇರಿನಲ್ಲಿ ಇಳಿಯಬೇಕು. ಇಡೀ ದಾರಿ ಬ್ರೇಕ್ ಒತ್ತುತ್ತ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ರುಮ್ತ್ಸೆಯಲ್ಲಿ ಹಸಿರು ಹೊಲ ಕಾಣುತ್ತದೆ, ಉಪ್ಶಿಯಲ್ಲಿ ಸಿಂಧೂ ನದಿ ಜತೆಗೂಡುತ್ತದೆ. ಪಾಠಪುಸ್ತಕದ ಮೊದಲ ಪುಟಗಳಲ್ಲಿ ಓದಿದ ಅದೇ ಸಿಂಧೂ, ರಸ್ತೆಯ ಪಕ್ಕ ಬೂದುಬಣ್ಣದಲ್ಲಿ ಸದ್ದು ಮಾಡುತ್ತ ಹರಿಯುತ್ತಿರುತ್ತದೆ.

ಲೇಹ್ ತಲುಪಿದ ಸಂಜೆ ಹೆಚ್ಚಿನವರು ಬೈಕು ನಿಲ್ಲಿಸಿ ಪೇಟೆಗೆ ಓಡುತ್ತಾರೆ. ಒಬ್ಬಿಬ್ಬರು ಮಾತ್ರ ಅತಿಥಿಗೃಹದ ಅಂಗಳದಲ್ಲಿ ಟಾರ್ಚು ಹಿಡಿದು ಕುಳಿತಿರುತ್ತಾರೆ. ದಾರಿಯ ಪ್ರತಿ ರಾತ್ರಿಯೂ ಹೀಗೆಯೇ ಕುಳಿತವರು ಅವರು. ಒಂದೊಂದೇ ನಟ್ಟಿಗೆ ಸ್ಪ್ಯಾನರ್ ತಾಗಿಸಿ ನೋಡುತ್ತಾರೆ. ಕುಲುಕಾಟಕ್ಕೆ ಸಡಿಲವಾದದ್ದು ಎರಡಾದರೂ ಸಿಗುತ್ತದೆ. ಚಕ್ರದ ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಮೀಟುತ್ತ ಹೋಗುತ್ತಾರೆ, ದನಿ ಕೆಟ್ಟದ್ದು ಸಡಿಲ. ಚೈನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕೈಪಿಡಿ ಹೇಳಿದಷ್ಟೇ ಸಡಿಲ ಬಿಡುತ್ತಾರೆ. ಉದ್ದ ಕಾಲಿನ ಬೈಕಿನಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಚೈನಿನ ಬಿಗಿ ಬದಲಾಗುತ್ತದೆ, ಅತಿ ಬಿಗಿ ಮಾಡಿದರೆ ಒಂದು ದೊಡ್ಡ ಗುಂಡಿಗೆ ಅದು ತುಂಡಾದೀತು. ಕೊನೆಗೆ ಏರ್ ಫಿಲ್ಟರ್ ಹೊರತೆಗೆದು ಕಲ್ಲುಚಪ್ಪಡಿಯ ಮೇಲೆ ಮೆಲ್ಲಗೆ ತಟ್ಟುತ್ತಾರೆ. ಮೋರೆ ಬಯಲಿನ ಧೂಳು ಚಪ್ಪಡಿಯ ಮೇಲೆ ಒಂದು ಹಿಡಿಯಷ್ಟು ಉದುರುತ್ತದೆ.